ದ್ವೀಪ ಬಿಟ್ಟ ಹಕ್ಕಿಗಳು

“ಗುರುಗಳೇ, ನಾನು ಪೂಜೆಗೆ ಕೂತರೆ ಸಾಕು, ತಮ್ಮನ ಮಕ್ಕಳು ಮನೆ ಹಾರಿಹೋಗುವಂತೆ ಗಲಾಟೆ ಮಾಡುತ್ತಾರೆ. ಅವನ ಸಂಸಾರವನ್ನು ಬೇರೆ ಇಡಬೇಕೆಂದಿದ್ದೇನೆ. ದೇವರ ಕೆಲಸಕ್ಕಾಗಿ ಹಾಗೆ ಮಾಡಿದರೆ ತಪ್ಪೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಜಪಸರವನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು:

ಕಡಲ ನಡುವೆ ಒಂದು ದ್ವೀಪ. ಅದರ ತುಂಬ ಹಕ್ಕಿಗಳು. ಮುಂಚೆ ಅಲ್ಲಿ ದೀಪವಿರಲಿಲ್ಲ. ಹಕ್ಕಿಗಳ ಕೂಗು ಕೇಳಿಯೇ ದೋಣಿಯವರು ದಡ ಹಿಡಿಯುತ್ತಿದ್ದರು. ಆಮೇಲೆ ಒಬ್ಬ ಅರಸ ದೀಪಸ್ತಂಭ ಕಟ್ಟಿಸಿದ, ಕಾವಲಿಗೆ ಒಬ್ಬನನ್ನು ಇಟ್ಟ.

ಕಾವಲುಗಾರ ನಿಷ್ಠೆಯವನು. ಆ ದೀಪವೇ ಅವನಿಗೆ ದೇವರು. ಆದರೆ ಎಷ್ಟು ಒರೆಸಿದರೂ ಹಕ್ಕಿಗಳು ಗಾಜಿನ ಮೇಲೆ ಹಿಕ್ಕೆ ಹಾಕುತ್ತಿದ್ದವು. ಒಂದು ದಿನ ಅವನು ಎಣ್ಣೆಯ ಖಾಲಿ ಡಬ್ಬವನ್ನು ಕೊರಳಿಗೆ ಕಟ್ಟಿಕೊಂಡು, ಬಡಿಯುತ್ತ, ಹಕ್ಕಿಗಳನ್ನು ಎಬ್ಬಿಸಲು ಹೊರಟ. ಅಂದೇ ಅವನ ಬಸುರಿ ಹೆಂಡತಿಯನ್ನು ತವರಿಗೆ ಕರೆದೊಯ್ಯಲು ದೋಣಿಯವನು ಬಂದಿದ್ದ.

“ಏನಣ್ಣ, ಯಾರ ಮದುವೆಯ ದಿಬ್ಬಣ? ಡೋಲು ಜೋರಾಗಿದೆ!” ಎಂದ ದೋಣಿಯವನು.

“ನಗಬೇಡ ಮಾರಾಯ. ಮಳೆಗಾಲ ಮುಗಿಸಿ ನೀನು ಬರುವಷ್ಟರಲ್ಲಿ ಗಾಜು ಹೇಗಿರುತ್ತದೆ ನೋಡು.”

ಮಳೆಗಾಲದಲ್ಲಿ ಆ ಕಡೆ ದೋಣಿ ಹಾಯುವುದಿಲ್ಲ. ಕಾವಲುಗಾರ ಬಡಿಯುವುದನ್ನು ಬಿಡಲಿಲ್ಲ. ಕಡೆಗೆ ಹಕ್ಕಿಗಳೆಲ್ಲ ದಕ್ಷಿಣದ ಬೋಳು ಬಂಡೆಗಳ ಸಾಲಿಗೆ ಹೊರಟುಹೋದವು. ದ್ವೀಪ ತಣ್ಣಗಾಯಿತು. ಅವನಿಗೂ ನೆಮ್ಮದಿಯಾಯಿತು.

ಮಳೆ ನಿಂತ ಮೇಲೆ ಮೊದಲ ದೋಣಿ ಬರುವ ದಿನ. ಅದರಲ್ಲಿ ಹೆಂಡತಿ ಕೂಸಿನೊಡನೆ ಬರುವವಳಿದ್ದಳು. ಅವತ್ತು ಬೆಳಗಿನ ಜಾವ ಕಡಲಿನ ಮೇಲೆ ಮಂಜು ಕವಿಯಿತು. ಚಾಚಿದ ಕೈ ಕಾಣದಷ್ಟು ಮಂಜು. ಅವನು ನೀರಿನಂಚಿಗೆ ಬಂದು ಕಿವಿಗೊಟ್ಟು ನಿಂತ. ದೋಣಿಯ ಹುಟ್ಟಿನ ಸದ್ದು ಕೇಳಿತು. ಅದರ ಹಿಂದೆಯೇ ಕೂಸಿನ ಅಳು. ತನ್ನ ಕೂಸಿನ ದನಿಯನ್ನು ಅವನು ಕೇಳಿದ್ದು ಅದೇ ಮೊದಲು.

ಹತ್ತಿರ ಬರಬೇಕಾದ ಆ ಅಳು ದೂರವಾಗುತ್ತಿತ್ತು. ದಕ್ಷಿಣಕ್ಕೆ, ಹಕ್ಕಿಗಳು ಕೂಗುತ್ತಿದ್ದ ಕಡೆಗೆ ಹೋಗುತ್ತಿತ್ತು.

ಅವನು ಕೂಗಿದ, ಅಲೆಯ ಮೊರೆತ ಅವನ ಕೂಗನ್ನು ನುಂಗಿತು. ಓಡಿಹೋಗಿ ಡಬ್ಬ ತಂದು ಬಡಿದ. ಕೈ ಒಡೆದು ರಕ್ತ ಬಂದರೂ ನಿಲ್ಲಿಸಲಿಲ್ಲ. ಬಡಿಯುತ್ತ ಬಡಿಯುತ್ತ ಇದ್ದಂತೆ ಅಳು ಮೆಲ್ಲಗೆ ಇತ್ತ ತಿರುಗಿತು. ಸ್ವಲ್ಪ ಹೊತ್ತಿಗೆ ದೋಣಿ ದಡ ಮುಟ್ಟಿತು.

“ಹಕ್ಕಿ ಕೂಗಿದಲ್ಲಿ ದ್ವೀಪ ಅಂದುಕೊಂಡು ಹೊರಟಿದ್ದೆ ಅಣ್ಣ. ನಿನ್ನ ದಿಬ್ಬಣದ ಡೋಲು ಕೇಳದಿದ್ದರೆ ಬಂಡೆಗೆ ಬಡಿಯುತ್ತಿದ್ದೆವು,” ಎಂದ ದೋಣಿಯವನು.

ಹೆಂಡತಿ ಕೂಸನ್ನು ಸುಮ್ಮನಾಗಿಸಲು ನೋಡಿದಳು. “ಬೇಡ, ಅಳಲಿ ಬಿಡು,” ಎಂದ ಕಾವಲುಗಾರ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಅಷ್ಟು ನಿಷ್ಠೆಯವನು ಅಂದು ದೀಪ ಹಚ್ಚಿರಲಿಲ್ಲವೇ?”

“ಹಚ್ಚಿದ್ದನಪ್ಪ, ಗಾಜಿನ ಮೇಲೆ ಒಂದು ಕಲೆಯೂ ಇರಲಿಲ್ಲ.”