ಧರ್ಮಕ್ಕೆ ಕಟ್ಟಿದ ಹಗ್ಗ

ಶಿಷ್ಯ ಕೇಳಿದ: "ಗುರುಗಳೇ, ಏನನ್ನೂ ಬಯಸದೆ ಒಬ್ಬರಿಗೆ ಉಪಕಾರ ಮಾಡುತ್ತೇವೆ. ಅದರಿಂದ ಕೇಡಾದರೆ ಆ ಕೇಡಿಗೂ ನಾವೇ ಹೊಣೆಯೇ?"

ಗುರುಗಳು ಈ ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿಯ ಸರಕಿನ ಗಾಡಿ ಕಾಲುವೆ ಏರಿಯ ಕೆಸರಿನಲ್ಲಿ ಹೂತುಹೋಯಿತು. ಗಾಡಿ ಓಡಿಸುತ್ತಿದ್ದ ಚಾಲಕ ಎಷ್ಟು ಪ್ರಯತ್ನಿಸಿದರೂ ಚಕ್ರ ಇನ್ನಷ್ಟು ಆಳಕ್ಕೆ ಇಳಿಯಿತೇ ಹೊರತು ಮೇಲೆ ಬರಲಿಲ್ಲ. ಪಕ್ಕದ ಗದ್ದೆಯಲ್ಲಿ ಒಬ್ಬ ರೈತ ಹುಲ್ಲು ಹೇರುತ್ತಿದ್ದ. ಯಾರೂ ಕರೆಯುವ ಮೊದಲೇ ಅವನು ಟ್ರೇಲರನ್ನು ಕಳಚಿಟ್ಟು ಟ್ರಾಕ್ಟರ್ ತಂದ. ಹೂತ ಗಾಡಿಯನ್ನು ಎಳೆದುಕೊಟ್ಟು ಕೂಲಿ ಪಡೆಯುವುದು ಆ ಸೀಮೆಯಲ್ಲಿ ಹೀನಾಯ. ಬಾಯಾರಿದವನಿಗೆ ನೀರು ಕೊಟ್ಟು ದುಡ್ಡು ಕೇಳಿದಂತೆ ಎನ್ನುತ್ತಿದ್ದರು.

ಬಾಡಿಗೆಗೆ ದಿಮ್ಮಿ ಎಳೆಯಲು ಹೋಗುವಾಗ ಆ ರೈತ ಒಂದು ದಪ್ಪ ಸರಪಳಿಯನ್ನು ಒಯ್ಯುತ್ತಿದ್ದ. ಅದು ಮನೆಯಲ್ಲಿತ್ತು. ಮನೆ ಒಂದು ಕೂಗಳತೆಯ ದೂರ. ಕೈಯಲ್ಲಿ ಇದ್ದುದು ಹುಲ್ಲಿನ ಹೇರನ್ನು ಬಿಗಿಯುವ ನೈಲಾನ್ ಹಗ್ಗ, ಅದರ ತುದಿಗೆ ಒಂದು ಕಬ್ಬಿಣದ ಕೊಕ್ಕೆ. ಅವನು ಹಗ್ಗವನ್ನು ಗಾಡಿಗೆ ಕಟ್ಟಿ, ಕೊಕ್ಕೆಯನ್ನು ಟ್ರಾಕ್ಟರಿಗೆ ಸಿಕ್ಕಿಸಿದ.

"ಗೌಡರೇ, ಈ ಹಗ್ಗ ತಡೆದೀತೆ?" ಎಂದ, ಗಾಡಿಯಿಂದ ಇಳಿದು ಏರಿಯ ಮೇಲೆ ನಿಂತಿದ್ದ ವ್ಯಾಪಾರಿ.

"ಹಗ್ಗ ತಡೆಯುತ್ತೆ ಶೆಟ್ಟರೇ. ನಿಮ್ಮ ಗಾಡಿಯ ಮೂತಿ ಕಿತ್ತು ಬರದಿದ್ದರೆ ಸಾಕು," ಎಂದ ರೈತ. ಗಾಡಿಯೊಳಗೆ ಕುಳಿತಿದ್ದ ಚಾಲಕನೂ ನಕ್ಕ.

ಟ್ರಾಕ್ಟರ್ ಎಳೆಯಿತು. ಹಗ್ಗ ಹಿಗ್ಗಿತು. ಕೊಕ್ಕೆ ಬಾಗಿ ಕಳಚಿಕೊಂಡಿತು. ಅದು ಹಗ್ಗದೊಡನೆ ಹಿಂದಕ್ಕೆ ಹಾರಿ, ಗಾಡಿಯ ಗಾಜನ್ನು ಒಡೆದು, ಚಾಲಕನ ಬಲಗಣ್ಣಿಗೆ ಬಡಿಯಿತು. ಕಣ್ಣು ಉಳಿಯಲಿಲ್ಲ. ಅವನಿಗೆ ಗೊತ್ತಿದ್ದುದು ಗಾಡಿ ಓಡಿಸುವ ಕೆಲಸವೊಂದೇ. ಅದೂ ಹೋಯಿತು.

ಟ್ರಾಕ್ಟರಿನ ವಿಮೆ ಬೇಸಾಯಕ್ಕೆ ಮಾತ್ರ, ಇನ್ನೊಬ್ಬರ ಗಾಡಿ ಎಳೆಯುವುದಕ್ಕಲ್ಲ ಎಂದು ವಿಮೆಯವರು ಹೇಳಿ ಕಳುಹಿಸಿದರು. ಚಾಲಕನ ಸಂಸಾರದ ಭಾರವನ್ನು ಯಾರು ಹೊರಬೇಕು ಎಂಬ ಮಾತು ಊರ ಹಿರಿಯರ ಮುಂದೆ ಬಂತು.

"ನಾನು ಧರ್ಮಕ್ಕೆ ಎಳೆದವನು," ಎಂದ ರೈತ. "ಇವರ ಕೈಯಿಂದ ಒಂದು ಲೋಟ ಮಜ್ಜಿಗೆಯನ್ನೂ ಮುಟ್ಟಿಲ್ಲ. ಕೂಲಿ ಪಡೆದಿದ್ದರೆ ನನ್ನನ್ನು ಕೇಳಿ."

ಹಿರಿಯರು ಚಾಲಕನತ್ತ ನೋಡಿದರು. ಅವನು ಕಟ್ಟಿದ ಕಣ್ಣಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದ: "ಗೌಡರನ್ನು ಬಿಟ್ಟುಬಿಡಿ. ಅವರು ಕರೆಯದೆಯೇ ಬಂದವರು."

ಹಿರಿಯರು ರೈತನನ್ನು ಬಿಟ್ಟರು.

ಗುರುಗಳು ಇಲ್ಲಿಗೆ ಕತೆಯನ್ನು ನಿಲ್ಲಿಸಿದರು.

"ಹಿರಿಯರು ಬಿಟ್ಟದ್ದು ಸರಿಯಾಗಿಯೇ ಇದೆ," ಎಂದ ಶಿಷ್ಯ. "ರೈತ ಏನನ್ನೂ ತೆಗೆದುಕೊಳ್ಳಲಿಲ್ಲವಲ್ಲ."

"ಏನೂ ಸಿಗದ ಕೆಲಸವೆಂದೇ ಅವನು ಸರಪಳಿ ತರಲು ಮನೆಗೆ ಹೋಗಲಿಲ್ಲ," ಎಂದರು ಗುರುಗಳು.