ಲ್ಯಾಪ್‌ಟಾಪಿಗೆ ಕೌದಿ ಹೊದಿಸಿದ ಫಕೀರಪ್ಪ

ಎಲಿ ಅಡಕಿ ಬಾಯಿಗೆ ಹಾಕ್ಕೊಂಡು ಕುಂತು ಕೇಳ್ರಿ. ನಗೋದಿದ್ದರ ಮೆಲ್ಲಕ ನಗ್ರಿ, ನೀಲವ್ವನ ಮನಿ ಗೋಡೆ ಇಲ್ಲೇ ಐತಿ.

ನಮ್ಮ ಗದಗಿನ ಓಣಿಯ ನೀಲವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವಾಕಿ. ಆಕಿಗೊಬ್ಬ ಮಗ, ಫಕೀರಪ್ಪ. ಮೀಸಿ ಬಂದಾವ, ಬುದ್ಧಿ ಇನ್ನೂ ದಾರಿಯಾಗ ಐತಿ. ಹೇಳಿದ್ದನ್ನ ಹೇಳಿದಂಗ ಮಾಡ್ತಾನ, ಇಲ್ಲ ಅನ್ನಂಗಿಲ್ಲ. ಆದರ ಹೇಳಿದ ಕೆಲಸಕ್ಕಲ್ಲ, ಅದರ ಮುಂದಿನ ಕೆಲಸಕ್ಕ!

"ಇವನ ಬದಲಿ ಒಂದು ರುಬ್ಬೋ ಕಲ್ಲು ಹಡದಿದ್ದರ ಇಟ್ಟಲ್ಲಿ ಇರ್ತಿತ್ತು" ಅಂತ ನೀಲವ್ವ ಒಲಿ ಮುಂದ ಉಸಿರು ಬಿಡಾಕಿ.

ಈ ಬ್ಯಾಸಗಿ ರಜಾಕ್ಕ ಮಗಳ ಮಗಳು ಸಮೃದ್ಧಿ ಬಂದಿತ್ತು. ಪ್ರತಿ ರಜಾ ಆ ಕೂಸು ಹುಬ್ಬಳ್ಳಿಯ ಬೀಗತಿ ಕಸ್ತೂರೆವ್ವನ ಪಾಲು. ಅಲ್ಲಿ ದೊಡ್ಡ ಕಂಪ್ಯೂಟರ್ ಐತಿ, ಆಟ ಐತಿ. ಮದುವಿಯಾಗ ಕೊಟ್ಟ ಸೀರಿ ಬಣ್ಣಕ್ಕ ಮೂಗು ಮುರದಾಕಿ ಆ ಕಸ್ತೂರೆವ್ವ, ಇವತ್ತಿಗೂ ಮೂಗು ನೆಟ್ಟಗಾಗಿಲ್ಲ. ಅದಕ್ಕ ನೀಲವ್ವ ಹಟ ಹಿಡದು ಒಂದು ಸೋವಿ ಲ್ಯಾಪ್‌ಟಾಪ್ ತಂದಳು.

ಕೂಸು ಕರಾರು ಹಾಕಿತು: "ಅಜ್ಜೀ, ನನ್ನ ಕೋಳಿ ಆಟ ಇದರಾಗ ಓಡಿದರ ರಜಾ ಪೂರಾ ನಿನ್ನ ಹತ್ರ. ಓಡಲಿಲ್ಲಂದ್ರ ಆದಿತ್ಯವಾರ ಹುಬ್ಬಳ್ಳಿ ಅಜ್ಜಿ ಬರ್ತಾಳ, ಹೋಕ್ಕೀನಿ."

ನೀಲವ್ವನ ಜೀವ ಆ ಡಬ್ಬಿಯೊಳಗ ಹೋಗಿ ಕುಂತಿತು.

ಅವತ್ತು ಮುಂಜಾನೆ ಫಕೀರಪ್ಪ ಬಿಸಿ ರೊಟ್ಟಿ ತೆರೆದ ಬುಟ್ಟಿಯಾಗ ಒಯ್ದಿದ್ದ. ಖಾನಾವಳಿ ಮುಟ್ಟೂದ್ರಾಗ ರೊಟ್ಟಿ ಸೆಟೆದಿದ್ದವು.

"ಹುಚ್ಚಪ್ಯಾಲಿ! ಬಿಸಿ ಇದ್ದದ್ದನ್ನ ಅರಿವ್ಯಾಗ ಸುತ್ತಿ, ಮ್ಯಾಲ ಕೌದಿ ಹೊದಿಸಿ, ಬೆಚ್ಚಗ ಇಡಬೇಕೋ!"

"ಹೂಂನವಾ, ಇನ್ನ ಮ್ಯಾಲ ಹಂಗ ಮಾಡ್ತೀನಿ."

ಮಧ್ಯಾಹ್ನ ಕೂಸು ಆಟ ಆಡಿ ನೀರು ಕುಡಿಯಾಕ ಎದ್ದಿತು. ಫಕೀರಪ್ಪ ಲ್ಯಾಪ್‌ಟಾಪ್ ಮುಟ್ಟಿ ನೋಡಿದ. ಬಿಸಿ! ಅವ್ವ ಹೇಳಿದ್ದು ನೆನಪಾತು. ಅರಿವ್ಯಾಗ ಸುತ್ತಿದ, ಮ್ಯಾಲ ಕೌದಿ ಹೊದಿಸಿದ, ಅಂಚು ಸೈತ ಮಡಚಿ ಒಳಗ ಸಿಗಿಸಿದ. ಕೂಸು ತಿರುಗಿ ಬಂದು ತೆಗೆದು ನೋಡಿದರ ಡಬ್ಬಿ ಕರ್ರಗ, ಉಸಿರಿಲ್ಲ. ಕೂಸು ಹೋ ಅಂತ ಅಳಾಕ ಹತ್ತಿತು.

ರಿಪೇರಿ ಅಂಗಡಿ ದಾದಾಪೀರ ಜೀವ ಬರಿಸಿಕೊಟ್ಟ. ನೀಲವ್ವ ಹಣಿ ಚಚ್ಚಿಕೊಂಡಳು.

"ಮಂಗ್ಯಾನಂಥವನ! ಬಿಸಿ ಆದದ್ದಕ್ಕ ಗಾಳಿ ಬೇಕಂತ! ಕೆಳಗ ಎರಡು ಇಟ್ಟಿಗಿ ಕೊಟ್ಟು ಎತ್ತರಿಸಿ, ಫ್ಯಾನಿನ ಬುಡಕ ಇಡಬೇಕಂತ!"

"ಹೂಂನವಾ, ಇನ್ನ ಮ್ಯಾಲ ಹಂಗ ಮಾಡ್ತೀನಿ."

ಆದಿತ್ಯವಾರ ಬಂತು. ಬೀಗತಿ ಬರಾಕಿ ಅಂತ ನೀಲವ್ವ ನಸುಕಿನ್ಯಾಗ ಎದ್ದು ಹೂವಿನಂಥ ರೊಟ್ಟಿ ಬಡಿದಿಟ್ಟು ಎಣಗಾಯಿಗೆ ಬದನಿಕಾಯಿ ಸೀಳಾಕ ಕುಂತಳು. ತಿರುಗಿ ನೋಡ್ತಾಳ, ರೊಟ್ಟಿ ಎಲ್ಲಾ ಪಡಸಾಲ್ಯಾಗ ಇಟ್ಟಿಗಿ ಮ್ಯಾಲ, ಫ್ಯಾನು ಭರ್ರಂತ ತಿರುಗಾಕತ್ತೈತಿ. ಮುಟ್ಟಿದರ ಲಟಕ್ಕನ ಮುರೀತಾವ!

"ಬಿಸಿ ಇದ್ದವವಾ, ಗಾಳಿಗಿಟ್ಟೆ."

ಬಯ್ಯಾಕ ಬಾಯಿ ತೆರೆದಳು, ಅಷ್ಟರಾಗ ಕೂಸು ಚೀರಿತು: "ಅಜ್ಜೀ, ನನ್ನ ಕೋಳಿ ಕಾಲೆತ್ತಿ ನಿಂತೈತಿ, ಕೆಳಗ ಇಡವಲ್ದು!"

"ದಾದಾಪೀರನ ಹತ್ರ ಓಡೋ, ಓಡು! ಆತ ಹೇಳಿದ್ದಷ್ಟ ಮಾಡು, ನಿನ್ನ ಬುದ್ಧಿ ಬಳಸಬ್ಯಾಡ!" ಅಂದು ನೀಲವ್ವ ಮತ್ತ ಹಿಟ್ಟು ನಾದಾಕ ಕುಂತಳು. ರಟ್ಟಿ ಸೋತಿದ್ದವು.

ದಾದಾಪೀರ ನೋಡಿ ನಕ್ಕ. "ಹಾಡು, ಸಿನೆಮಾ, ಕಾರ್ಟೂನು, ಎಲ್ಲಾ ಒಮ್ಮೆಲೆ ಹೇರಿದರ ಹೆಂಗೋ ಫಕೀರಣ್ಣಾ? ಇದರ ಮೆಮೊರಿ ಸಣ್ಣದು. ಕೂಸಿನ ಸಣ್ಣ ಆಟಕ್ಕ ಸಾಕು, ಚಲೋ ಓಡತೈತಿ. ಒಂದು ಸಲಕ್ಕ ಒಂದ. ದೊಡ್ಡದು ಒಳಗ ಬರೋದಿದ್ದರ ಮೊದಲು ಸಣ್ಣದನ್ನ ಹೊರಗ ಹಾಕು."

ಹೇಳಿಕೋತ ಬ್ಯಾಡಾದ್ದನ್ನೆಲ್ಲಾ ತಾನ ತೆಗೆದು ಹಾಕಿ ಕೊಟ್ಟ. ಮನಿಗೆ ತಂದು ಹಚ್ಚಿದರ ಕೋಳಿ ಕಾಲು ಇಟ್ಟಿತು, ನಡೀತು, ತತ್ತಿ ಸೈತ ಇಟ್ಟಿತು!

"ಅಜ್ಜೀ, ನಾ ಇಲ್ಲೇ ಇರ್ತೀನಿ!" ಕೂಸು ಕುಣೀತು.

ನೀಲವ್ವ ಹಿಟ್ಟಿನ ಕೈಯಲ್ಲೇ ಕಣ್ಣೊರಸಿಕೊಂಡಳು. ಅಡಗಿ ಮನ್ಯಾಗ ಮತ್ತ ತಟತಟ ರೊಟ್ಟಿ ಸದ್ದು ಎದ್ದಿತು. ಆ ಸದ್ದಿನ್ಯಾಗ ಬಾಗಿಲಿಗೆ ಕಾರು ಬಂದದ್ದು ಆಕಿಗೆ ಕೇಳಲಿಲ್ಲ.

ಕಸ್ತೂರೆವ್ವ ಇಳಿದಳು. ಆಕಿ ಮೈ ನಿಮಗ ಗೊತ್ತೈತಲ್ಲ, ಇಳಿದ ಮ್ಯಾಲ ಕಾರು ಗೇಣುದ್ದ ಮ್ಯಾಲೆದ್ದಿತು. ಫಕೀರಪ್ಪ ಆಕಿನ್ನ ನೋಡಿದ, ತನ್ನ ಮನಿ ನೋಡಿದ, ಕೂಸಿನ್ನ ನೋಡಿದ. ದಾದಾಪೀರ ಹೇಳಿದ್ದು ನೆನಪಾತು!

"ಸಮ್ಮೀ, ನೀ ಹೊರಗ ನಡಿ. ದೊಡ್ಡದು ಒಳಗ ಬರಾಕತ್ತೈತಿ!"

"ಮಾಮಾ, ನನ್ನ ಕೋಳಿ!"

ಎತ್ತಿಕೊಂಡು ಹೋಗಿ ಕಾರಿನ್ಯಾಗ ಕುಂದ್ರಿಸಿದ. ಬ್ಯಾಗೂ ಸಣ್ಣದ, ಅದನ್ನೂ ಇಟ್ಟ.

ಕಸ್ತೂರೆವ್ವ ಹುಬ್ಬೇರಿಸಿದಳು. "ಅಂದ್ರ ಕೂಸಿನ್ನ ನೀವ ಕಳಸಾಕತ್ತೀರೇನಪಾ?"

"ಹೂಂನ್ರೀ ಅತ್ತೀ. ನಮ್ಮದು ಸಣ್ಣದ್ರೀ. ಒಂದು ಸಲಕ್ಕ ಒಂದ."

"ಈಗ ಬುದ್ಧಿ ಬಂತು ನಿಮ್ಮವ್ವಗ!" ಆಕಿ ಹೊಸ್ತಿಲ ತುಳಿಯದ ಹಂಗ ತಿರುಗಿ ಕಾರು ಹತ್ತಿದಳು. "ಅಜ್ಜೀ!" ಅನ್ನೋ ಕೂಗು ಓಣಿ ತುದಿಗೆ ಹೋತು.

ನೀಲವ್ವ ಬಿಸಿ ರೊಟ್ಟಿ ಅರಿವ್ಯಾಗ ಸುತ್ತಿಕೊಂಡು ಹೊರಗ ಬಂದಳು. ಬೀಗತಿ ಇಲ್ಲ. ಕೂಸಿಲ್ಲ. ಪಡಸಾಲ್ಯಾಗ ಇಟ್ಟಿಗಿ ಮ್ಯಾಲ ಲ್ಯಾಪ್‌ಟಾಪ್, ಅದರಾಗ ಕೋಳಿ ತನ್ನಷ್ಟಕ್ಕ ತಾನು ಅಡ್ಡಾಡಾಕತ್ತಿತ್ತು.

"ನೋಡವಾ, ಮನಿ ಎಷ್ಟು ಹಗುರಾತು!" ಫಕೀರಪ್ಪ ಹಲ್ಲು ಕಿರಿದ.

ನೀಲವ್ವ ರೊಟ್ಟಿ ಮಡಿಲಾಗ ಇಟ್ಟುಕೊಂಡು ಹೊಸ್ತಿಲ ಮ್ಯಾಲ ಕುಂತಳು. ಬಯ್ಯಲಿಲ್ಲ. ಹಣಿ ಚಚ್ಚಿಕೊಳ್ಳಲಿಲ್ಲ. ಓಣಿ ತುದಿ ನೋಡಿಕೋತ ಕುಂತಳು, ಅಷ್ಟ.

ಫಕೀರಪ್ಪ ಕಾದ. ಆ ಕಾಲ ಮ್ಯಾಲೊಮ್ಮೆ, ಈ ಕಾಲ ಮ್ಯಾಲೊಮ್ಮೆ ನಿಂತು ಕಾದ. ಕಡೀಕ ಅವ್ವನ ಸೆರಗು ಜಗ್ಗಿದ.

"ಅವ್ವಾ, ಲಗೂನ ಬಯ್ಯವಾ! ನೀ ಬಯ್ಯಲಿಲ್ಲಂದ್ರ ಮುಂದಿನ ಕೆಲಸ ಹೆಂಗ ಮಾಡ್ಲಿ?"