ಬಾಗಿಲಿಗೆ ಬೆನ್ನು ಹಾಕಿದ ಪೀಠ

ಹೊಳೆಮಠದಲ್ಲಿ ಒಂದು ಪದ್ಧತಿ ಇತ್ತು. ಅಲ್ಲಿನ ಅಜ್ಜಯ್ಯ ಒಬ್ಬೊಬ್ಬ ಶಿಷ್ಯನಿಗೂ ಅವನ ಬದುಕಿಗೆ ಬೇಕಾದ ಒಂದು ಮಾತು ಕೊಡುತ್ತಿದ್ದರು. ಒಂದೇ ಮಾತು, ಒಂದೇ ಸಲ. ಯಾವತ್ತು ಕೊಡುತ್ತಾರೆ, ಎಲ್ಲಿ ಕೊಡುತ್ತಾರೆ ಎಂದು ಯಾರಿಗೂ ಮೊದಲೇ ಗೊತ್ತಾಗುತ್ತಿರಲಿಲ್ಲ. ಕೇಳಿಸಿಕೊಂಡವನು ಪುಣ್ಯವಂತ, ಅಷ್ಟೇ.

ರೇವಣ ಆ ಮಾತಿಗಾಗಿ ಹನ್ನೊಂದು ವರ್ಷದಿಂದ ಕಾಯುತ್ತಿದ್ದ. ಅವನ ಜೊತೆ ಬಂದವರೆಲ್ಲ ತಮ್ಮ ತಮ್ಮ ಮಾತು ಪಡೆದು, ಬೇರೆ ಊರುಗಳಲ್ಲಿ ತಾವೇ ಗುರುಗಳಾಗಿದ್ದರು. ಇವನು ಇನ್ನೂ ಮಠದ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾ ಕೂತಿದ್ದ.

ಮನುಷ್ಯ ಕೆಟ್ಟವನಲ್ಲ, ಆದರೆ ಬಲು ಬಿಗಿ. ಅಜ್ಜಯ್ಯನೇ ಒಂದು ಸಲ ಹೇಳುವಾಗ ತಾನ್ಯಾಕೆ ಎರಡು ಸಲ ಹೇಳಬೇಕು ಎಂಬುದು ಅವನ ವಾದ.

"ನಾನು ಎರಡು ಸಲ ಹೇಳೋನಲ್ಲ" ಎನ್ನುತ್ತಿದ್ದ ಮಕ್ಕಳಿಗೆ. ಅದೊಂದನ್ನು ಮಾತ್ರ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ.

ಆ ಮಕ್ಕಳಲ್ಲಿ ದ್ಯಾಮಕ್ಕ ಒಬ್ಬಳು. ಒಂಬತ್ತು ವರ್ಷದ ಹುಡುಗಿ, ಸೋದರಮಾವ ಹಾಲಪ್ಪ ತಂದು ಬಿಟ್ಟುಹೋಗಿದ್ದ. ಅವಳು ಬಂದ ನಾಲ್ಕೇ ತಿಂಗಳಲ್ಲಿ ರೇವಣನ ತಲೆ ಕೆಟ್ಟು ಕೆರ ಹಿಡಿದಿತ್ತು.

ದಡ್ಡಿಯಾಗಿದ್ದರೆ ಅವನು ಹೇಗೋ ಸಹಿಸುತ್ತಿದ್ದನೇನೋ. ಬೆಳಿಗ್ಗೆ ಅಂಗಳದ ಹೊಂಗೆಮರದ ಕೆಳಗೆ ಕೂರಿಸಿದರೆ ಹುಡುಗಿ ಅಂದಿನ ಪಾಠವನ್ನು ಅಂದೇ ಒಪ್ಪಿಸುತ್ತಿದ್ದಳು. ದನಿ ಸ್ವಲ್ಪ ಒರಟು, ತಪ್ಪು ಮಾತ್ರ ಒಂದೂ ಇಲ್ಲ. ಅದೇ ಹುಡುಗಿ ಬಿಸಿಲೇರಿದ ಮೇಲೆ ಪಾಠದ ಕೋಣೆಗೆ ಬಂದು ಕೂತರೆ ತುಟಿ ಬಿಚ್ಚುತ್ತಿರಲಿಲ್ಲ. ಏನು ಕೇಳಿದರೂ ಅವನ ಮುಖವನ್ನೇ ದುರುದುರು ನೋಡುತ್ತಿದ್ದಳು.

ಹೊರಗೆ ಬರುವ ಮಗ್ಗಿ ಒಳಗೆ ಬರುವುದಿಲ್ಲ ಎಂದರೆ ಏನರ್ಥ? ಕೊಬ್ಬು, ಇನ್ನೇನು! ರೇವಣ ಹಾಗೆಂದೇ ತೀರ್ಮಾನಿಸಿದ. ಕಾಲಿನ ಅಂಗುಷ್ಠ ಹಿಡಿಸಿ ಬಗ್ಗಿಸಿ ನಿಲ್ಲಿಸಿದ. ಮಧ್ಯಾಹ್ನದ ಊಟ ತಪ್ಪಿಸಿದ. ಗುರಾಯಿಸುತ್ತೀಯಾ ಎಂದು ಬೆತ್ತದಲ್ಲೂ ಬಾರಿಸಿದ. ಅವಳು ಅತ್ತಳು, ಆದರೆ ನೋಡುವುದನ್ನು ಬಿಡಲಿಲ್ಲ.

ಕೊನೆಗೆ ಹಾಲಪ್ಪನಿಗೆ ಹೇಳಿಕಳಿಸಿದ: ಬಂದು ಕರೆದುಕೊಂಡು ಹೋಗು.

ಹಾಲಪ್ಪ ಗಾಡಿ ಕಟ್ಟಿಕೊಂಡು ಬಂದ ದಿನ, ಸಂಚಾರಕ್ಕೆ ಹೋಗಿದ್ದ ಅಜ್ಜಯ್ಯ ಮಠಕ್ಕೆ ಮರಳಿ ಒಂದು ರಾತ್ರಿಯಷ್ಟೇ ಕಳೆದಿತ್ತು. ಹುಡುಗಿಗೆ ಓದು ಹತ್ತದಿದ್ದರೆ ಗುಡ್ಡದ ಕುರಿಹಟ್ಟಿಗೆ ಕಳಿಸುತ್ತೇನೆ ಎಂದು ಹಾಲಪ್ಪ ಹೇಳಿದ. ಅಲ್ಲಿ ಚಿರತೆ ಕಾಟವಂತೆ, ಕುರಿ ಕಾಯುವುದಕ್ಕೆ ಯಾರೂ ಒಪ್ಪುತ್ತಿರಲಿಲ್ಲವಂತೆ.

ಅಜ್ಜಯ್ಯ ರೇವಣನ ಕಡೆ ನೋಡಿದರು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು, ಗುರುಗಳೇ" ಎಂದ ರೇವಣ. "ನನ್ನ ಮಾತನ್ನ ಅವಳು ಕಿವಿಗೇ ಹಾಕ್ಕೊಳ್ಳಲ್ಲ."

ಅಜ್ಜಯ್ಯ ಅಡುಗೆಮನೆಗೆ ಹೋಗಿ ಹಿತ್ತಾಳೆಯ ದೊಡ್ಡ ಪರಾತ ಎತ್ತಿಕೊಂಡು ಬಂದರು. ದ್ಯಾಮಕ್ಕ ಅವರಿಗೆ ಬೆನ್ನು ಮಾಡಿ, ಜಗಲಿಯ ಮೇಲೆ ಕೂತು ತನ್ನ ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಅಜ್ಜಯ್ಯ ಅವಳ ಹಿಂದೆ ನಿಂತು ಪರಾತವನ್ನು ಚಪ್ಪಡಿಯ ಮೇಲೆ ಎತ್ತಿ ಹಾಕಿದರು.

ಹೊಂಗೆಮರದ ಕಾಗೆಗಳೆಲ್ಲ ಹಾರಿದವು. ಎತ್ತುಗಳು ಬೆದರಿ ನೊಗ ಜಗ್ಗಿದವು. ಹಾಲಪ್ಪ ಶಿವಶಿವಾ ಎಂದು ಎದ್ದು ನಿಂತ.

ದ್ಯಾಮಕ್ಕ ಗಂಟಿಗೆ ಎರಡನೇ ಕುಣಿಕೆ ಹಾಕುತ್ತಿದ್ದಳು. ತಿರುಗಿ ಸಹ ನೋಡಲಿಲ್ಲ.

ರೇವಣ ಪರಾತವನ್ನೂ ಅವಳ ಬೆನ್ನನ್ನೂ ನೋಡಿದ.

ಹಾಲಪ್ಪ ತಲೆ ಕೆರೆದುಕೊಂಡ. ಎರಡು ವರ್ಷದ ಹಿಂದೆ ವಿಷಮಜ್ವರ ಬಂದಿತ್ತಂತೆ. ಅದು ಇಳಿದ ಮೇಲೆ ಹಿಂದಿನಿಂದ ಕೂಗಿದರೆ ಓ ಅನ್ನುತ್ತಿರಲಿಲ್ಲವಂತೆ. ಮೊಂಡು ಬಿದ್ದಿದ್ದಾಳೆ ಎಂದುಕೊಂಡೆವು ಎಂದ.

ಆ ಗುಡ್ಡ, ಆ ಚಿರತೆ, ಬೆನ್ನ ಹಿಂದಿನ ಸಪ್ಪಳವೂ ತಿಳಿಯದ ಈ ಮಗು. ಅಲ್ಲಿಗೆ ಅವಳನ್ನು ಸಾಗಹಾಕುತ್ತಿದ್ದವನು ತಾನೇ. ಆದರೂ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ತಾನೆ, ರೇವಣನೂ ಒಂದು ಕಡ್ಡಿ ಹಿಡಿದ.

"ಕಿವಿ ಕೇಳದಿದ್ರೆ ಮರದ ಕೆಳಗೆ ಹೇಗೆ ಒಪ್ಪಿಸ್ತಾಳೆ, ಗುರುಗಳೇ?"

"ಒಳಗೆ ಬಾ" ಎಂದರು ಅಜ್ಜಯ್ಯ.

ಪಾಠದ ಕೋಣೆಗೆ ಕಿಟಕಿ ಇಲ್ಲ, ಇರುವುದು ಒಂದೇ ಬಾಗಿಲು. ಮಕ್ಕಳು ಎದ್ದು ಓಡದಿರಲಿ ಎಂದು ಯಾವ ಕಾಲದಲ್ಲೋ ಯಾರೋ ಗುರುವಿನ ಪೀಠವನ್ನು ಬಾಗಿಲ ಬಳಿ, ಬಾಗಿಲಿಗೆ ಬೆನ್ನಾಗುವಂತೆ ಇಟ್ಟಿದ್ದರು. ಆಮೇಲೆ ಅದನ್ನು ಯಾರೂ ಸರಿಸಿರಲಿಲ್ಲ.

ಅಜ್ಜಯ್ಯ ರೇವಣನನ್ನು ದ್ಯಾಮಕ್ಕನ ಜಾಗದಲ್ಲಿ ಕೂರಿಸಿದರು. ಅರಳೆಗೆ ಜೇನುಮೇಣ ಸವರಿ, ಅವನ ಎರಡೂ ಕಿವಿಗೆ ತಮ್ಮ ಕೈಯಾರೆ ತುರುಕಿದರು. ಬೆತ್ತ ಹಿಡಿದು ಹೋಗಿ ಪೀಠದ ಮೇಲೆ ಕೂತರು.

ರೇವಣ ತಲೆಯೆತ್ತಿ ನೋಡಿದ. ಬಾಗಿಲ ತುಂಬ ಅಂಗಳದ ಬೆಳಕು ಕಣ್ಣು ಕುಕ್ಕುತ್ತಿತ್ತು. ಅದರ ನಡುವೆ ಅಜ್ಜಯ್ಯನ ಮುಖ ಇರಬೇಕಾದಲ್ಲಿ ಬರೀ ಕಪ್ಪು. ಕಣ್ಣಿಲ್ಲ, ತುಟಿಯಿಲ್ಲ.

ಅವನಿಗೆ ಈಗ ಅರ್ಥವಾಯಿತು. ಮರದ ಕೆಳಗೆ ಹುಡುಗಿ ಕೇಳುತ್ತಿರಲಿಲ್ಲ, ತನ್ನ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಇಲ್ಲಿಯೂ ಅವಳು ಗುರಾಯಿಸಿದ್ದಲ್ಲ. ನಾಲ್ಕು ತಿಂಗಳು ಈ ಕತ್ತಲೆಯಲ್ಲಿ ತನ್ನ ಬಾಯಿ ಎಲ್ಲಿದೆ ಎಂದು ಹುಡುಕಿದ್ದಳು. ಹುಡುಕಿದ್ದಕ್ಕೆ ತಾನು ಹೊಡೆದಿದ್ದ.

ಕಪ್ಪು ಆಕಾರದ ಕೈ ಆಡಿತು. ಅಜ್ಜಯ್ಯ ಏನೋ ಹೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ, ಪಾಠದ ನಡುವೆ ರೇವಣ ದಿನಾ ಮಾಡುತ್ತಿದ್ದ ಹಾಗೆಯೇ, ಬಾಗಿಲ ಕಡೆ ತಿರುಗಿಕೊಂಡರು. ಈಗ ಅವನಿಗೆ ಕಾಣುತ್ತಿದ್ದದ್ದು ಅವರ ತಲೆಯ ಹಿಂಭಾಗ ಮಾತ್ರ.

ಅವರಾಚೆ, ಜಗಲಿಯ ಬಿಸಿಲಲ್ಲಿ ದ್ಯಾಮಕ್ಕ ಈಗ ಬಾಗಿಲ ಕಡೆ ತಿರುಗಿ ಕೂತಿದ್ದಳು. ಅಜ್ಜಯ್ಯನ ಮುಖವನ್ನೇ ನೋಡುತ್ತಿದ್ದಳು. ಅವಳ ತುಟಿಗಳು ನಿಧಾನವಾಗಿ ಅಲುಗಿದವು. ಏನು ಗೊಣಗುತ್ತಿದ್ದಾಳೆ ಈ ಹುಡುಗಿ ಎಂದುಕೊಂಡ ರೇವಣ.

ಅಜ್ಜಯ್ಯ ಎದ್ದು ಬಂದು ಬೆತ್ತದ ತುದಿ ಅವನತ್ತ ಚಾಚಿದರು. ಪ್ರಶ್ನೆ ಕೇಳಿರಬೇಕು. ರೇವಣ ದುರುದುರು ನೋಡಿದ. ಭುಜದ ಮೇಲೆ ಏಟು ಬಿತ್ತು. ನೋವಾಗುವಂಥ ಏಟಲ್ಲ, ಆದರೂ ಅವನ ಕಣ್ಣಲ್ಲಿ ನೀರು ಬಂತು.

ಅವನು ಅರಳೆ ಕಿತ್ತು ಹಾಕಿದ.

"ನಾನು ಏನು ಹೇಳಿದೆ?"

"ಕೇಳಿಸಲಿಲ್ಲ, ಗುರುಗಳೇ."

"ನಿನ್ನ ಮಾತು, ರೇವಣ. ಹನ್ನೊಂದು ವರ್ಷದಿಂದ ಕಾಯ್ತಿದ್ದೆಯಲ್ಲ, ಅದನ್ನ ಕೊಟ್ಟೆ."

ರೇವಣ ಕೂತಲ್ಲಿಂದಲೇ ತೆವಳಿ ಅಜ್ಜಯ್ಯನ ಪಾದ ಹಿಡಿದ. ಇನ್ನೊಂದು ಸಲ ಎಂದು ಗೋಗರೆದ. ಇಷ್ಟು ವರ್ಷದ ಸೇವೆಗಾದರೂ ಇನ್ನೊಂದೇ ಸಲ ಎಂದು ಅತ್ತ.

"ಇಲ್ಲಿ ಯಾರೂ ಎರಡು ಸಲ ಹೇಳಲ್ಲವಂತೆ" ಎಂದರು ಅಜ್ಜಯ್ಯ. "ಮಕ್ಕಳು ಹೇಳಿದ್ರು."

ಹೊರಗೆ ಹಾಲಪ್ಪ ಎತ್ತುಗಳಿಗೆ ಸಮಾಧಾನ ಹೇಳಿ, ಗಂಟನ್ನು ಗಾಡಿಯೊಳಗೆ ಹಾಕಿದ. ದ್ಯಾಮಕ್ಕ ಚಕ್ರದ ಕಡ್ಡಿಯ ಮೇಲೆ ಕಾಲಿಟ್ಟಳು.

ರೇವಣನಿಗೆ ಆಗ ಆ ಅಲುಗಿದ ತುಟಿಗಳು ನೆನಪಾದವು. ಹಾಲಪ್ಪ ದೂರದಲ್ಲಿ ಎತ್ತುಗಳ ಬಳಿ ಇದ್ದ, ಅವನಿಗೆ ಕೇಳಿಸಿರಲಾರದು. ತನ್ನ ಬದುಕಿನ ಮಾತು ಅಜ್ಜಯ್ಯನನ್ನು ಬಿಟ್ಟರೆ ಈ ಭೂಮಿಯ ಮೇಲೆ ಒಬ್ಬರಿಗೆ ಮಾತ್ರ ಗೊತ್ತು. ಅವಳು ಗಾಡಿ ಹತ್ತುತ್ತಿದ್ದಾಳೆ.

ಅವನು ಉಟ್ಟ ಪಂಚೆ ಕಾಲಿಗೆ ತೊಡರುವುದನ್ನೂ ನೋಡದೆ ಓಡಿದ. ನೊಗಕ್ಕೆ ಅಡ್ಡ ನಿಂತ. ಇವಳು ಎಲ್ಲಿಗೂ ಬರುವುದಿಲ್ಲ, ಇಲ್ಲೇ ಇರುತ್ತಾಳೆ, ನೀನು ಹೋಗು ಮಾರಾಯ ಎಂದು ಹಾಲಪ್ಪನಿಗೆ ಕೈಮುಗಿದ. ಹುಡುಗಿಯನ್ನು ಎತ್ತಿ ಕೆಳಗಿಳಿಸಿದ. ಅವಳು ಹೊಡೆತಕ್ಕೆ ಹೆದರಿ ಕೈ ಅಡ್ಡ ಹಿಡಿದಳು. ಅದನ್ನು ನೋಡಿ ಅವನು ತನ್ನ ಕೈ ಹಿಂದಕ್ಕೆಳೆದುಕೊಂಡ.

ಅವಳ ಮುಂದೆ ನೆಲಕ್ಕೆ ಮಂಡಿಯೂರಿ ಕೂತ.

"ತಪ್ಪಾಯ್ತು, ತಾಯಿ" ಎಂದ. "ಅಜ್ಜಯ್ಯ ಏನು ಹೇಳಿದ್ರು? ನಿನಗೆ ಗೊತ್ತಲ್ಲ, ಹೇಳವ್ವಾ."

ದ್ಯಾಮಕ್ಕ ಕಣ್ಣು ಕಿರಿದು ಮಾಡಿ ಅವನನ್ನೇ ದಿಟ್ಟಿಸಿದಳು. ತುಟಿ ಬಿಚ್ಚಲಿಲ್ಲ.

ಅವನು ಮತ್ತೆ ಕೇಳಿದ. ಎರಡನೇ ಸಲ, ಮೂರನೇ ಸಲ, ದನಿ ಏರಿಸಿ ಕೇಳಿದ. ಅವಳು ನೋಡುತ್ತಲೇ ಇದ್ದಳು.

ಬಾಗಿಲ ಕಡೆಯಿಂದ ಕಲ್ಲಿನ ಮೇಲೆ ಮರ ಎಳೆಯುವ ಸದ್ದು ಬಂತು. ಅಜ್ಜಯ್ಯ ಒಬ್ಬರೇ ಪೀಠವನ್ನು ಬಾಗಿಲಿನಿಂದ ಒಳಗೋಡೆಯತ್ತ ಸರಿಸುತ್ತಿದ್ದರು. ರೇವಣ ಅಸಹಾಯಕನಾಗಿ ಅವರತ್ತ ನೋಡಿದ.

ಅಜ್ಜಯ್ಯ ಬೆವರು ಒರೆಸಿಕೊಂಡರು.

"ಅವಳು ಹೇಳ್ತಾಳೆ" ಎಂದರು. "ಸೂರ್ಯ ನಿನ್ನ ಬೆನ್ನ ಹಿಂದಿದಾನೆ, ರೇವಣ. ಮೊದಲು ನೀನು ತಿರುಗಿ ಕೂರು."